ಲಿಂಗೈಕ್ಯರ ವಿಮಾನಕ್ಕೆ ಸಲ್ಲುವ ಪುಷ್ಪಾಲಂಕಾರ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥

 

ಮಠದ ಮಹಾದ್ವಾರಕ್ಕೆ ತೋರಣ ಕಟ್ಟಿದೆ. ಪಲ್ಲಕ್ಕಿಯು ಹೂವಿನಲ್ಲಿ ಮುಚ್ಚಿಹೋಗಿದೆ. ಕರ್ತೃಗದ್ದುಗೆಯ ಮೇಲೆ ಬೆಳಗಿನಿಂದ ಮಾಲೆಯ ಮೇಲೆ ಮಾಲೆಯೇರುತ್ತಿದೆ. ಇಂಥ ಮಂಗಳ ಸಮಯದಲ್ಲಿ ಅಂತ್ಯಕ್ರಿಯೆಯ ಹೂವಿನ ಮಾತನ್ನೆತ್ತುವುದು ಅನುಚಿತವೆಂದು ಯಾರಿಗಾದರೂ ತೋರಬಹುದು. ಆದರೆ ಯಾವ ಗದ್ದುಗೆಗೆ ಭಕ್ತರು ಇಂದು ಹೂವೇರಿಸುತ್ತಿರುವರೋ ಅದು ಲಿಂಗೈಕ್ಯರಾದ ಮಹಾತ್ಮರೊಬ್ಬರ ಸಮಾಧಿಯೇ ಅಲ್ಲವೆ? ಅವರನ್ನು ಅಲ್ಲಿಗೆ ಬಿಜಯಂಗೈಸಿದ ದಿನ ವಿಮಾನಕ್ಕೆ ಏರಿದ ಹೂವಿಗೂ ಇಂದಿನ ಹೂವಿಗೂ ಭೇದವನ್ನೆಣಿಸುವುದು ಶರಣಮಾರ್ಗದಲ್ಲಿ ಸಲ್ಲುವುದಿಲ್ಲ. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟವೆಂಬ ಪಂಚಸೂತಕಗಳನ್ನು ಲಿಂಗವಂತನು ಒಪ್ಪತಕ್ಕದ್ದಲ್ಲ. ಸೂತಕವೇ ಇಲ್ಲದ ಮೇಲೆ ಸಾವಿನ ಹೂವು, ಹಬ್ಬದ ಹೂವು ಎಂಬ ಎರಡು ಬಗೆ ಎಲ್ಲಿಂದ ಬರಬೇಕು? ಆದುದರಿಂದ ಈ ಹೊತ್ತು ಈ ವಿಷಯವನ್ನು ಆಯ್ದುಕೊಂಡಿರುವುದು ತಪ್ಪೆಂದು ಸಭೆಯು ಭಾವಿಸಲಾರದು.

ಭೇದವಿಲ್ಲವೆಂದ ಮಾತ್ರಕ್ಕೆ ವಿವೇಚನೆ ಬೇಡವೆಂದಾಗಲಿಲ್ಲ. ಈಚಿನ ವರ್ಷಗಳಲ್ಲಿ ವಿಮಾನದ ಅಲಂಕಾರವು ಎರಡು ದಿಕ್ಕಿಗೆ ಕೆಟ್ಟಿದೆ. ಒಂದೆಡೆ, ಹೂವೆಂಬುದು ಬರಿಯ ಶಾಸ್ತ್ರಕ್ಕೆ ಇಳಿದು, ಪೇಟೆಯ ಅಂಗಡಿಯಲ್ಲಿ ತೂಗುಬಿದ್ದ ಪ್ಲಾಸ್ಟಿಕ್ ಹಾರವೇ ಸಾಕೆಂಬ ಉದಾಸೀನ. ಇನ್ನೊಂದೆಡೆ, ಸಾಲ ತಂದಾದರೂ ಪರದೇಶದ ಹೂವಿನ ರಾಶಿ ಹೇರಿ ನೆರೆಹೊರೆಯವರಿಂದ ಭಲೆ ಎನ್ನಿಸಿಕೊಳ್ಳಬೇಕೆಂಬ ಆಡಂಬರ. ಈ ಎರಡರಲ್ಲಿ ಯಾವುದು ಕೆಟ್ಟದ್ದೆಂದು ಕೇಳಿದರೆ, ಎರಡನೆಯದೇ ಎನ್ನಬೇಕಾಗುತ್ತದೆ. ಮೊದಲನೆಯದು ಭಕ್ತಿಯ ಬಡತನ, ಎರಡನೆಯದು ಬಡವನ ಮನೆಯನ್ನೇ ಮುಳುಗಿಸತಕ್ಕದ್ದು.

ವಿಮಾನವೆಂದರೇನೆಂಬುದನ್ನು ತುಸು ನೆನೆಯುವುದು ಒಳಿತು. ಲಿಂಗೈಕ್ಯನಾದವನಿಗೆ ಮಜ್ಜನ ಮಾಡಿಸಿ, ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ, ಪದ್ಮಾಸನದಲ್ಲಿ ಕುಳ್ಳಿರಿಸಿ, ಬಿದಿರಿನ ಚೌಕಟ್ಟಿನ ಮೇಲೆ ಹೊತ್ತು ಸಮಾಧಿಸ್ಥಾನಕ್ಕೆ ಒಯ್ಯುವರು. ಮಲಗಿಸಿ ಒಯ್ಯುವುದಿಲ್ಲ. ಕುಳಿತವನು ಪೂಜೆಗೆ ಕುಳಿತಿರುವನು. ಅವನ ಎಡಗೈಯಲ್ಲಿ ಇಷ್ಟಲಿಂಗವಿದೆ. ಜೀವಮಾನವೆಲ್ಲ ಬೆಳಗುಬೈಗು ಯಾವ ಕರಸ್ಥಲದಲ್ಲಿ ಲಿಂಗವನ್ನಿರಿಸಿ ಪತ್ರೆಯನ್ನೇರಿಸಿದನೋ ಅದೇ ಕರಸ್ಥಲದಲ್ಲಿ ಆ ಲಿಂಗವಿರುತ್ತದೆ. ಅಲಂಕಾರದ ಸಮಸ್ತ ವಿಚಾರವೂ ಈ ಒಂದು ಸಂಗತಿಯಿಂದ ಹೊರಡತಕ್ಕದ್ದು. ಹೂವು ಶವಕ್ಕೆ ಹೊದಿಕೆಯಲ್ಲ. ಕುಳಿತಿರುವ ಪೂಜಕನ ಸುತ್ತ ಕಟ್ಟುವ ಪೂಜಾಮಂಟಪ.

ಇಲ್ಲಿ ಒಂದು ಸೂಕ್ಷ್ಮವುಂಟು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ, ಇವು ಅಷ್ಟಾವರಣ. ಈ ಎಂಟರಲ್ಲಿ ಹೂವಿಲ್ಲ. ಹೂವಿಲ್ಲದೆ ಕ್ರಿಯಾಸಮಾಧಿ ನಡೆದೀತು, ವಿಭೂತಿಯಿಲ್ಲದೆ ನಡೆಯದು. ಆದಕಾರಣ ಅಲಂಕಾರ ಮಾಡುವವನು ಮೊದಲು ತಿಳಿಯಬೇಕಾದುದು ಹೂವು ಎಲ್ಲೆಲ್ಲಿ ಇರಕೂಡದೆಂಬುದನ್ನು. ಹಣೆಯ ತ್ರಿಪುಂಡ್ರವನ್ನು ಮಾಲೆಯು ಮರೆಮಾಡಕೂಡದು. ಕೊರಳ ರುದ್ರಾಕ್ಷಿಯು ಹೂವಿನಡಿಯಲ್ಲಿ ಹೂತುಹೋಗಕೂಡದು. ಕರಸ್ಥಲವಂತೂ ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ಈಗಿನ ಎಷ್ಟೋ ವಿಮಾನಗಳಲ್ಲಿ ಬಂದವರೆಲ್ಲ ಹಾಕಿದ ಹಾರ ಗದ್ದದವರೆಗೆ ಏರಿ, ಮೂಗು ಕಣ್ಣು ಮಾತ್ರ ಉಳಿದಿರುತ್ತವೆ. ಹಾಕಿದವರ ಪ್ರೀತಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ತಿಳಿದ ಹಿರಿಯರಿದ್ದರೆ, ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿ, ಹಾಕಿದ ಹಾರವನ್ನು ಒಡನೆಯೇ ತೆಗೆದು ವಿಮಾನದ ಕಂಬಗಳಿಗೆ ಸುತ್ತಿಸುವರು. ಹಾರವೂ ಸಂದಿತು, ಲಿಂಗವೂ ಕಂಡಿತು.

ಹೂವಿನ ಕಾಯಕಕ್ಕೆ ಈ ಮತದಲ್ಲಿ ಹಿರಿಯ ಸ್ಥಾನವಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಶರಣರ ಗಣದಲ್ಲಿ ಹೂಗಾರ ಮಾದಯ್ಯನವರಿದ್ದಾರೆ. ಹಂಪೆಯ ಹರಿಹರ ಕವಿಯು ಪುಷ್ಪರಗಳೆಯನ್ನೇ ಬರೆದು, ನಸುಕಿನಲ್ಲಿ ತೋಟಕ್ಕೆ ಹೋಗಿ ವಿರೂಪಾಕ್ಷನಿಗಾಗಿ ಹೂವೆತ್ತುವ ಭಕ್ತನ ಸಂಭ್ರಮವನ್ನು ಚಿತ್ರಿಸಿದನು. ಅಲ್ಲಿ ಹೂವು ಕೊಯ್ಯುವುದು ಪೂಜೆಯ ಮೊದಲ ಭಾಗ, ಪೂಜೆಯ ಸಿದ್ಧತೆ ಮಾತ್ರವಲ್ಲ. ಬಡಗಣ ಸೀಮೆಯ ಹಳ್ಳಿಗಳಲ್ಲಿ ಮನೆಮನೆಗೆ ಪತ್ರಿ ಹೂವು ಮುಟ್ಟಿಸುವ ಹೂಗಾರ ಮನೆತನಗಳು ಇಂದಿಗೂ ಇವೆ. ಮದುವೆಗೆ ಬಾಸಿಂಗವನ್ನು ಕಟ್ಟಿದ ಕೈಯೇ ವಿಮಾನವನ್ನೂ ಕಟ್ಟುತ್ತದೆ. ಹೂಗಾರನಿಗೆ ಕರೆ ಹೋಯಿತೆಂದರೆ ಅವನು ಕೇಳುವ ಮೊದಲ ಮಾತು ಹಣದ್ದಲ್ಲ, ‘ಕುಳ್ಳಿರಿಸಿದರೆ?’ ಎಂಬುದು.

ಆ ಪ್ರಶ್ನೆಗೆ ಕಾರಣವುಂಟು. ಪ್ರಾಣ ಹೋದ ಎರಡು ನಾಲ್ಕು ತಾಸುಗಳ ಮೇಲೆ ದವಡೆಯಿಂದ ಮೊದಲಾಗಿ ದೇಹವು ಸೆಟೆಯತೊಡಗುತ್ತದೆ. ಹನ್ನೆರಡು ತಾಸಿನ ಸುಮಾರಿಗೆ ಸರ್ವಾಂಗವೂ ಬಿಗಿಯುತ್ತದೆ. ಸೆಕೆಯ ದಿನಗಳಲ್ಲಿ ಇನ್ನೂ ಬೇಗ. ಆದ್ದರಿಂದ ಅಂಗವು ಮೆದುವಾಗಿರುವಾಗಲೇ ಕಾಲು ಮಡಚಿ, ಬೆನ್ನನ್ನು ಗೋಡೆಗೆ ಆನಿಸಿ, ಅರಿವೆಯಿಂದ ಮೆಲ್ಲಗೆ ಕಟ್ಟಿ ಕುಳ್ಳಿರಿಸುವುದು ಹಿಂದಿನಿಂದ ಬಂದ ಜಾಣತನ. ಇಂದು ದೂರದೂರಿನ, ದೂರದೇಶದ ಮಕ್ಕಳು ಬರುವವರೆಗೆ ದೇಹವನ್ನು ಶೀತಪೆಟ್ಟಿಗೆಯಲ್ಲಿ ನೀಳವಾಗಿ ಮಲಗಿಸಿಡುವ ರೂಢಿ ಬಂದಿದೆ. ಚಳಿಯಲ್ಲಿ ಆ ಬಿಗಿತವು ಬೇಗ ಸಡಿಲುವುದಿಲ್ಲ. ಆಮೇಲೆ ಕುಳ್ಳಿರಿಸಹೊರಟರೆ ನೋಡುವವರ ಕರುಳು ಹಿಂಡುತ್ತದೆ. ಕಡೆಗೆ, ಕುಳ್ಳಿರಿಸಲಾಗದೆ, ಒರಗಿಸಿದಂತೆ ಮಾಡಿ ಆ ಕೊರತೆಯನ್ನು ಹೂವಿನ ರಾಶಿಯಿಂದ ಮುಚ್ಚುವರು. ಈಗಿನ ಅತಿಯಾದ ಅಲಂಕಾರಕ್ಕೆ ಇದೊಂದು ಮರೆಯ ಕಾರಣ. ಮಕ್ಕಳಿಗಾಗಿ ಕಾಯುವುದು ಬೇಡವೆನ್ನುವಷ್ಟು ಕಠಿನರಾಗಬೇಕಿಲ್ಲ. ಕಾಯಲೇಬೇಕಾದರೆ ಮೊದಲು ಕುಳ್ಳಿರಿಸಿ, ಸುತ್ತ ಮಂಜುಗಡ್ಡೆಯಿಟ್ಟು ಕಾಯಬಹುದೆಂಬುದನ್ನು ಮನೆಯವರು ತಿಳಿದಿದ್ದರೆ ಸಾಕು.

ಇನ್ನು ಕಟ್ಟುವ ಕ್ರಮ. ಬಿದಿರಿನ ಚೌಕ, ನಾಲ್ಕು ಮೂಲೆಗೆ ನಾಲ್ಕು ಬಾಳೆಯ ಕಂಬ, ಮೇಲೆ ಕಮಾನು, ಕಮಾನಿನ ನೆತ್ತಿಗೆ ಕಳಸ. ಇದರ ಗುಟ್ಟೆಲ್ಲ ಬಾಳೆಯ ದಿಂಡಿನಲ್ಲಿದೆ. ದಿಂಡಿನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಗಿಲಾಗಿ ನೀರೇ. ತೆಂಗಿನ ಗರಿಯ ಕಡ್ಡಿಗೆ ಸೇವಂತಿಗೆಯನ್ನು ಪೋಣಿಸಿ ದಿಂಡಿಗೆ ಚುಚ್ಚಿದರೆ, ಆ ತಂಪಿನಲ್ಲಿ ಹೂವು ನಡುಹಗಲ ಬಿಸಿಲಿನಲ್ಲಿಯೂ ತಲೆಬಾಗದೆ ನಿಲ್ಲುತ್ತದೆ. ಬಾಳೆಯ ಸಿಪ್ಪೆಯೇ ನಾರು. ಮಾಲೆ ಕಟ್ಟುವುದಕ್ಕೆ ಬೇರೆ ದಾರ ಬೇಡ. ನಾರನ್ನು ನೀರಿನಲ್ಲಿ ನೆನೆಸಿ ಕಟ್ಟಿದರೆ ಅದು ಒಣಗುವಾಗ ತೊಟ್ಟನ್ನು ತಾನೇ ಬಿಗಿಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಕಂಬ, ನಾರು, ಹೂವು ಎಲ್ಲವೂ ಒಂದೇ ಮಣ್ಣಿಗೆ ಹೋಗುವುವು. ಕೆಲವು ತಿಂಗಳುಗಳಲ್ಲಿ ಗುರುತು ಸಿಕ್ಕದು.

ಹೆಗಲ ಮೇಲಿನ ವಿಮಾನವು ನಿಂತಿರುವ ಮಂಟಪವಲ್ಲ. ಅದು ತೂಗುತ್ತದೆ, ಓಲಾಡುತ್ತದೆ, ಕರಡಿಮಜಲಿನ ಗತ್ತಿಗೆ ಹೊತ್ತವರು ಹೆಜ್ಜೆ ಹಾಕಿದಾಗ ಕುಣಿಯುತ್ತದೆ. ಆದುದರಿಂದ ಭಾರವಾದ ಚೆಂಡುಹೂವು ಅಡಿಯಲ್ಲಿ, ಪೀಠದ ಸುತ್ತ, ನಡುವೆ ಸೇವಂತಿಗೆ, ಕಮಾನಿಗೆ ಹಗುರವಾದ ಕನಕಾಂಬರ, ಸುಗಂಧರಾಜದ ಬಿಡಿ ಮೊಗ್ಗಿನ ಸರ. ಮೇಲೆ ಭಾರವಾದರೆ ಓಣಿ ತಿರುಗುವಾಗ ಕಮಾನು ವಾಲುತ್ತದೆ. ಇಳಿಬಿಟ್ಟ ಸರಗಳು ಒಂದು ಮೊಳವನ್ನು ಮೀರಕೂಡದು. ಮೀರಿದರೆ ಗಾಳಿಗೆ ಮುಖಕ್ಕೆ ಬಡಿಯುವುವು. ಈ ಲೆಕ್ಕವನ್ನು ಹೂಗಾರನು ಯಾವ ಗ್ರಂಥದಿಂದಲೂ ಕಲಿತವನಲ್ಲ.

ಬಣ್ಣದ ವಿಷಯದಲ್ಲಿ ಅವನ ವಿವೇಕ ಇನ್ನೂ ಮೆಚ್ಚತಕ್ಕದ್ದು. ಮುಖದಲ್ಲಿ ವಿಭೂತಿಯ ಬಿಳುಪಿದೆ. ಅದರ ಹಿಂದೆಯೂ ಬಿಳಿಯ ಹೂವಿಟ್ಟರೆ ಮುಖ ಕಳೆದುಹೋಗುತ್ತದೆ. ಅದಕ್ಕೆ ಬೆನ್ನ ಹಿಂದೆ ಪತ್ರೆಯ ಹಸುರು, ಅದರ ಸುತ್ತ ಚೆಂಡುಹೂವಿನ ಕಾವಿಬಣ್ಣದ ಪ್ರಭಾವಳಿ. ಮಲ್ಲಿಗೆಯನ್ನು ಪಾದದ ಬಳಿ ಮಾತ್ರ. ಹಡಗಲಿಯ ಮಲ್ಲಿಗೆಯಾಗಲಿ ಮೈಸೂರಿನದಾಗಲಿ, ನಸುಕಿನಲ್ಲಿ ಮೊಗ್ಗಾಗಿ ಕಿತ್ತದ್ದು ಸಂಜೆಗೆ ಅರಳಿ ಮರುದಿನ ಕಂದುತ್ತದೆ. ಬೆಳಗಿನ ಹೊತ್ತು ಹೊರಡುವ ವಿಮಾನಕ್ಕೆ ಹಿಂದಿನ ರಾತ್ರಿಯೇ ಮಲ್ಲಿಗೆಯನ್ನು ಕಟ್ಟಿದವನು ಮುಪ್ಪಾದ ಹೂವನ್ನೇ ಕಳುಹಿಸಿದಂತಾಗುವುದು. ಸುಗಂಧರಾಜವೂ ರಾತ್ರಿ ಅರಳುವ ಹೂವೇ. ಆದರೆ ಅದರ ಕಡ್ಡಿಯಲ್ಲಿ ಕೆಳಗಿನ ಮೊಗ್ಗು ಬಿರಿದು ಬಾಡುವ ಹೊತ್ತಿಗೆ ಮೇಲಿನದು ಬಿರಿಯುವುದರಿಂದ ಎರಡು ಮೂರು ದಿನ ಬಾಳುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾಲಯದವರು ಇದರಲ್ಲಿ ಶೃಂಗಾರ, ಪ್ರಜ್ವಲ್ ಎಂಬ ಒಂಟಿಸುತ್ತಿನ ತಳಿಗಳನ್ನೂ ಸುವಾಸಿನಿ, ವೈಭವ್ ಎಂಬ ಸುತ್ತುಸುತ್ತಿನ ತಳಿಗಳನ್ನೂ ಹೊರತಂದಿದ್ದಾರೆ. ಕಂಪು ಬೇಕಾದವರಿಗೆ ಒಂಟಿಸುತ್ತಿನದೇ ಮೇಲು. ಕೇದಗೆಯನ್ನು ವಿಮಾನಕ್ಕೆ ಏರಿಸುವುದಿಲ್ಲ; ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ನುಡಿದು ಶಿವನಿಗೆ ಸಲ್ಲದಾಯಿತೆಂಬುದು ಪುರಾಣದ ಕಥೆ. ತುಂಬೆ, ಎಕ್ಕ, ಕಣಗಿಲೆ ಬಡವರ ಹೂಗಳು, ಬೇಲಿಯಲ್ಲಿ ಬೆಳೆಯತಕ್ಕವು. ಶಿವನಿಗೆ ಅವೇ ಪ್ರಿಯ. ಒಂದು ಎಚ್ಚರಿಕೆಯ ಮಾತು: ಕಣಗಿಲೆಯೂ ಎಕ್ಕದ ಹಾಲೂ ವಿಷ. ಕಟ್ಟಿದ ಕೈಯನ್ನು ತೊಳೆಯದೆ ಪ್ರಸಾದಕ್ಕೆ ಕೂರಬಾರದು. ಮಿಕ್ಕ ಹೂವನ್ನು ದನಕರುಗಳ ಮುಂದೆ ಚೆಲ್ಲಬಾರದು.

ಇಲ್ಲಿಗೆ ಕೆಲವರು ಒಂದು ಆಕ್ಷೇಪವನ್ನು ತರುವರು: ನಾಡಹೂವು ಸಲ್ಲುವುದು, ಪರದೇಶದ ಹೂವು ಸಲ್ಲದು ಎಂದು. ಕೇಳಲು ಇದು ಹಿತವಾಗಿದೆ, ಆದರೆ ನಿಲ್ಲುವ ಮಾತಲ್ಲ. ವಿಮಾನದ ಜೀವಾಳವಾದ ಚೆಂಡುಹೂವು ಹುಟ್ಟಿದ್ದು ಮೆಕ್ಸಿಕೊ ದೇಶದಲ್ಲಿ. ಅಲ್ಲಿಯ ಹಳೆಯ ನುಡಿಯಲ್ಲಿ ಅದರ ಹೆಸರಿಗೆ ಇಪ್ಪತ್ತು ಹೂವೆಂಬ ಅರ್ಥ; ಎಸಳಿನ ದಟ್ಟಣೆಯಿಂದ ಆ ಹೆಸರು ಬಂದಿರಬೇಕು. ಆ ಜನರು ವರುಷಕ್ಕೊಮ್ಮೆ ನವೆಂಬರ 1 ಮತ್ತು 2ರಂದು ತೀರಿಹೋದವರ ಹಬ್ಬವನ್ನಾಚರಿಸುವರು. ಚೆಂಡುಹೂವಿನ ಎಸಳನ್ನು ದಾರಿಯುದ್ದಕ್ಕೂ ಹರಡಿ, ಅದರ ಬಣ್ಣವನ್ನೂ ಕಂಪನ್ನೂ ಹಿಡಿದು ಹಿರಿಯರು ಮನೆಗೆ ಬರುವರೆಂದು ನಂಬುವರು. ಸುಗಂಧರಾಜದ ತವರೂ ಅದೇ ದೇಶ. ಗುಡಿಗುಂಡಾರಗಳ ಅಂಗಳದಲ್ಲಿ ಅನಾದಿಯಿಂದ ಇರುವಂತೆ ತೋರುವ ದೇವಕಣಗಿಲೆ ಸಹ ಅಮೆರಿಕಾ ಖಂಡದಿಂದಲೇ ಬಂದದ್ದು; ಕಡಿದಿಟ್ಟ ಕೊಂಬೆಯಲ್ಲಿಯೂ ಅದು ಹೂ ಬಿಡುವುದನ್ನು ಕಂಡ ಜನರು ಅದನ್ನು ಸಮಾಧಿಗಳ ಬಳಿ ನೆಟ್ಟರು. ಇವೆಲ್ಲ ಹಡಗಿನಲ್ಲಿ ಬಂದು, ಬೇರುಬಿಟ್ಟು, ಕನ್ನಡದ ಹೆಸರು ಪಡೆದು, ಶಿವನ ಮುಡಿಗೇರಿದುವು. ಲಿಂಗದೀಕ್ಷೆಯನ್ನು ಬಯಸಿ ಬಂದವನ ಕುಲವನ್ನು ಕೇಳದ ಮತವು ಹೂವಿನ ಕುಲವನ್ನು ಕೇಳುವುದುಂಟೆ?

ದೇಶದೇಶಗಳ ರೀತಿ ಬೇರೆ ಬೇರೆ. ಸಯಾಂ, ಅಂದರೆ ಇಂದಿನ ಥಾಯ್‌ಲೆಂಡಿನಲ್ಲಿ, ದಹನಕ್ಕೆ ಬಂದ ಪ್ರತಿಯೊಬ್ಬರೂ ಗಂಧದ ಮರದ ತೆಳುಹೆರೆಯಿಂದ ಮಾಡಿದ ಒಂದು ಹೂವನ್ನು ಶವಪೆಟ್ಟಿಗೆಯ ಬಳಿ ಇರಿಸುವರು. ಅದು ಗಿಡದಲ್ಲಿ ಬೆಳೆದ ಹೂವೇ ಅಲ್ಲ. ಒಬ್ಬರಿಗೆ ಒಂದೇ. ಈ ಮಿತವು ನೆನಪಿಡತಕ್ಕದ್ದು.

ಹಾಗಾದರೆ ತಕರಾರು ಇರುವುದೆಲ್ಲಿ? ಮಠಕ್ಕೆ ನಡೆದುಕೊಳ್ಳುವ ಮನೆತನವೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯನ್ನು ಹೇಳಿದರೆ ಅದು ತಿಳಿದೀತು. ಹೆಸರು ಹೇಳುವುದು ಉಚಿತವಲ್ಲ. ಮನೆಯ ಹಿರಿಯರು ಲಿಂಗೈಕ್ಯರಾದರು. ಊರ ಹೂಗಾರನು ರಾತ್ರಿಯೇ ಬಾಳೆ ಕಡಿಸಿ ವಿಮಾನ ಕಟ್ಟಲಾರಂಭಿಸಿದನು. ಬೆಳಗಿನ ಜಾವಕ್ಕೆ ಮಗನು ಬೆಂಗಳೂರಿನಿಂದ ಬಂದನು. ಅವನ ಹಿಂದೆ ಒಂದು ವಾಹನ ಬಂದಿತು. ಅದರಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ ಎರಡು ದೊಡ್ಡ ಹೂಚಕ್ರಗಳು. ಕೆಂಪು ಆಂಥೂರಿಯಂ, ಗಿಳಿಯ ಕೊಕ್ಕಿನಂತೆ ಸಾಲಾಗಿ ಇಳಿಬಿದ್ದ ಹೆಲಿಕೋನಿಯ, ನೇರಿಳೆ ಬಣ್ಣದ ಆರ್ಕಿಡ್. ಊರವರು ಅಂಥದನ್ನು ಕಂಡಿರಲಿಲ್ಲ. ಮಗನಿಗಾದರೋ ತಂದೆಯ ಕಡೆಗಾಲದಲ್ಲಿ ಬಳಿಯಿರಲಿಲ್ಲವೆಂಬ ಸಂಕಟ; ಅದನ್ನು ಹೂವಿನಲ್ಲಿ ತೀರಿಸಬೇಕೆಂದು ತನ್ನ ಒಂದು ತಿಂಗಳ ಸಂಪಾದನೆಗಿಂತ ಹೆಚ್ಚಾಗಿ ಸುರಿದಿದ್ದನು. ಈ ಚಕ್ರಗಳು ವಿಮಾನದ ಎರಡು ಮಗ್ಗುಲಿಗೆ ಇರಬೇಕು, ತರುವಾಯ ತಂದೆಯ ಸಂಗಡವೇ ಸಮಾಧಿಗೆ ಇಳಿಯಬೇಕು ಎಂದು ಅವನು ಹಟ ಹಿಡಿದನು.

ಮುದುಕನಾದ ಹೂಗಾರನು ಒಂದು ಹೂವನ್ನು ಮೆಲ್ಲಗೆ ಕಿತ್ತು ನೋಡಿದನು. ಅದರ ಕಾಲು ಹಸುರು ಬೆಂಡಿನಂಥ ಒಂದು ಇಟ್ಟಿಗೆಯಲ್ಲಿ ನಾಟಿತ್ತು. ಬೆರಳಿನಿಂದ ಒತ್ತಿದರೆ ಪುಡಿಯಾಗಿ ಉದುರಿತು. ‘ತಮ್ಮಾ, ಹೂವು ಮಣ್ಣಾಗ್ತೈತಿ, ಈ ಗಟ್ಟಿ ಮಣ್ಣಾಗಾಂಗಿಲ್ಲ. ನಿಮ್ಮಪ್ಪಾರ ಜೋಡಿ ಇದನ್ನ ಇಡಾಕ ನನ್ನ ಕೈ ಬರಾಂಗಿಲ್ಲ’ ಎಂದನು. ಮಗನು ಸಿಟ್ಟಾದನು. ನೆಂಟರಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಸಾವಿನ ಮನೆಯಲ್ಲಿ ಹೂವಿಗಾಗಿ ಜಗಳ ಹತ್ತಿತು.

ಹೂಗಾರನು ಆಡಿದ ಮಾತು ಸತ್ಯವಾದುದು. ಆ ಹಸುರು ಬೆಂಡು ಅಮೆರಿಕದಲ್ಲಿ 1954ರಲ್ಲಿ ಕಂಡುಹಿಡಿದ ಕೃತಕ ವಸ್ತು. ಫೀನಾಲ್ ಫಾರ್ಮಾಲ್ಡಿಹೈಡ್ ಎಂಬ ಅಂಟುರಾಳವನ್ನು ನೊರೆಯೆಬ್ಬಿಸಿ ಮಾಡುವುದು. ನೀರನ್ನು ಚೆನ್ನಾಗಿ ಹೀರುತ್ತದೆ, ಚುಚ್ಚಿದ ಹೂವನ್ನು ಬೇಕಾದ ಕೋನದಲ್ಲಿ ಹಿಡಿಯುತ್ತದೆ. ಅಷ್ಟರ ಮಟ್ಟಿಗೆ ಕುಶಲ ವಸ್ತುವೇ ಸರಿ. ಆದರೆ ಮಣ್ಣಿನಲ್ಲಿ ಅದು ಮಣ್ಣಾಗದೆ, ಒಡೆದು ಒಡೆದು ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಧೂಳಾಗಿ ಉಳಿಯುತ್ತದೆ. ಹೂವಿನ ಕಾಲಿಗೆ ಸುತ್ತಿದ ತಂತಿ, ಮಿಂಚುವ ಪಟ್ಟಿ, ನೈಲಾನ್ ದಾರ ಇವುಗಳ ಗತಿಯೂ ಇದೇ. ಬಯಲು ಬಯಲನ್ನು ಕೂಡುವುದೇ ಐಕ್ಯಸ್ಥಲ. ಭಕ್ತನ ಅಂಗವು ಭೂತಗಳಲ್ಲಿ ಲೀನವಾಗಿ ಹೋದ ಮೇಲೆಯೂ, ಅವನಿಗೆ ಅರ್ಪಿಸಿದ್ದೆಂಬ ಕಸವು ನೂರಾರು ವರ್ಷ ಅದೇ ಕುಣಿಯಲ್ಲಿ ಬಿದ್ದಿರುವುದೆಂದರೆ, ಕಾಣಿಕೆಯ ಹೆಸರಿನಲ್ಲಿ ಅಡ್ಡಗೋಡೆಯನ್ನು ಕಟ್ಟಿದಂತಲ್ಲವೆ?

ಜಗಳ ಬಿಡಿಸಿದವರು ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು. ಅವರು ಯಾರನ್ನೂ ಗದರಿಸಲಿಲ್ಲ. ‘ಹೂವು ಮಗನದು, ಕಟ್ಟೋದು ಹೂಗಾರಂದು’ ಎಂದಷ್ಟೇ ನುಡಿದರು. ಬೆಂಡಿನಿಂದ ಹೂಗಳನ್ನೆಲ್ಲ ಬಿಡಿಸಿ, ತಂತಿ ಕಳಚಿ, ಬಾಳೆಯ ದಿಂಡಿಗೆ ಕೂಡಿಸಲಾಯಿತು. ಮಗನೂ ಕುಳಿತು ಕಡ್ಡಿ ಸೀಳಿದನು. ಹೆಲಿಕೋನಿಯವು ಬಾಳೆಯ ಬಳಗದ್ದೇ ಆದ ಗಿಡ. ಅದರ ಕೆಂಪು ದೋಣಿಗಳು ಬಾಳೆಯ ಮೂತಿಯ ನೆಂಟರಂತೆ ಕಂಬಕ್ಕೆ ಒಪ್ಪಿ ಕುಳಿತುವು. ಆಂಥೂರಿಯಂ ಎಂಬುದರ ಕೆಂಪು ಭಾಗವು ಎಸಳಲ್ಲ, ಬಣ್ಣವೇರಿದ ಎಲೆ. ನಿಜವಾದ ಹೂಗಳು ನಡುವಿನ ಕಡ್ಡಿಯಲ್ಲಿ ಕಿರಿದಾಗಿ ಒತ್ತಿಕೊಂಡಿರುತ್ತವೆ. ಅದಕ್ಕೆ ಕಂಪಿಲ್ಲ, ಆದರೆ ಕೊಯ್ದ ಮೇಲೆ ಎರಡು ವಾರಗಳ ಕಾಲ ಬಾಡದು. ಹೂಗಾರನು ಅದನ್ನು ಪೀಠದ ಮುಂಗಡೆ, ಪತ್ರೆಯ ಹಸುರಿನ ನಡುನಡುವೆ, ದೀಪದ ಸಾಲಿನಂತೆ ನಿಲ್ಲಿಸಿದನು. ಆರ್ಕಿಡ್ ಹಗುರವಾದುದರಿಂದ ಕಮಾನಿಗೆ ಹೋಯಿತು. ಇಂಥ ವಿಮಾನವನ್ನು ಆ ಊರು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅದರಲ್ಲಿ ಹೊಸತೂ ಇತ್ತು, ಹಳೆಯದು ಕೆಟ್ಟಿರಲಿಲ್ಲ.

ಹೊಸ ಹೂಗಳನ್ನು ಬಳಸುವವರಿಗೆ ಪ್ರಾಸಂಗಿಕವಾಗಿ ಒಂದು ಮಾತು. ಆಂಥೂರಿಯಂ, ಹೆಲಿಕೋನಿಯಗಳು ಕಾವಿನ ನಾಡಿನ ಗಿಡಗಳು. ಬಹಳ ತಂಪಿನಲ್ಲಿಟ್ಟರೆ ಕಪ್ಪಾಗುವುವು. ಸೇವಂತಿಗೆಯಂತೆ ಅವನ್ನು ಶೀತಕದಲ್ಲಿ ತುಂಬಬಾರದು. ನೆರಳಿನಲ್ಲಿ ಒದ್ದೆ ಗೋಣಿಯ ಮೇಲಿರಿಸಿ ನೀರು ಚಿಮುಕಿಸಿದರೆ ಸಾಕು.

ಆಡಂಬರಕ್ಕೂ ಗೌರವಕ್ಕೂ ಇರುವ ಅಂತರವನ್ನು ಈ ಕಾಲದಲ್ಲಿಯೇ ನಾಡು ಕಂಡಿದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 111 ವರ್ಷಗಳ ಪ್ರಾಯದಲ್ಲಿ 2019ನೆಯ ಜನವರಿ 21ರಂದು ಲಿಂಗೈಕ್ಯರಾದಾಗ, ಮರುದಿನ ಅವರನ್ನು ಬಿಜಯಂಗೈಸಿದ ವಿಮಾನದಲ್ಲಿ ಎದ್ದು ಕಂಡದ್ದು ರುದ್ರಾಕ್ಷಿ. ಲಕ್ಷಗಟ್ಟಲೆ ಜನ ನೆರೆದ ಆ ದಿನ ಎಂಥ ಹೂವನ್ನಾದರೂ ರಾಶಿಯೊಟ್ಟಬಹುದಾಗಿತ್ತು; ಅಷ್ಟಾವರಣದೊಳಗಿನ ವಸ್ತುವೇ ಮುಂದೆ ನಿಂತಿತು. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು ಇನ್ನೂ ಮುಂದೆ ಹೋದರು. 2014ರ ಗುರುಪೂರ್ಣಿಮೆಯಂದೇ ಪತ್ರ ಬರೆದಿಟ್ಟು, ತಮ್ಮ ದೇಹವನ್ನು ಭೂಮಿಯಲ್ಲಿ ಇರಿಸದೆ ಅಗ್ನಿಗೆ ಒಪ್ಪಿಸಬೇಕು, ಚಿತಾಭಸ್ಮವನ್ನು ನೀರಿನಲ್ಲಿ ವಿಸರ್ಜಿಸಬೇಕು, ಸ್ಮಾರಕ ಕಟ್ಟಬಾರದು ಎಂದು ತಿಳಿಸಿದ್ದರು. 2023ನೆಯ ಜನವರಿ 2ರಂದು ಅವರು ದೇಹವಿಟ್ಟಾಗ ಹಾಗೆಯೇ ನಡೆಯಿತು. ಗದ್ದುಗೆಯೇ ಬೇಡವೆಂದವರಿಗೆ ಗದ್ದುಗೆಯ ಮೇಲಿನ ಹೂವು ಎಲ್ಲಿಯದು? ಕ್ರಿಯಾಸಮಾಧಿಯನ್ನು ಬಿಡಬೇಕೆಂಬ ಅಭಿಪ್ರಾಯವು ಇಲ್ಲಿಲ್ಲ. ಆದರೆ ಅಲಂಕಾರವು ಎಷ್ಟರ ಮಟ್ಟಿಗೆ ಹೊರಗಿನದೆಂಬುದನ್ನು ಆ ಪತ್ರವು ತೋರಿಸಿಕೊಟ್ಟಿತೆಂಬುದನ್ನು ಒಪ್ಪಲೇಬೇಕು.

2020 ಮತ್ತು 2021ರ ಸಾಂಕ್ರಾಮಿಕದಲ್ಲಿ ಅದನ್ನು ಬಹು ಮನೆಗಳು ಬಲವಂತವಾಗಿ ಕಲಿತುವು. ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಕೂಡದೆಂಬ ನಿಯಮ. ಬೇನೆಯಿಂದ ತೀರಿಕೊಂಡವರಿಗೆ ಮಜ್ಜನವಿಲ್ಲ, ಮುಟ್ಟುವಂತಿಲ್ಲ. ಕುಳ್ಳಿರಿಸುವ ಮಾತೆಲ್ಲಿ ಬಂತು? ವಿಮಾನವಿಲ್ಲದೆ, ಒಂದು ಎಸಳು ಹೂವಿಲ್ಲದೆ ಹೋದವರ ಮಕ್ಕಳು ಇಂದಿಗೂ ಮಠಕ್ಕೆ ಬಂದು, ಹಿರಿಯರಿಗೆ ಸದ್ಗತಿ ಆಯಿತೇ ಎಂದು ಕಣ್ಣೀರಿಡುವುದುಂಟು. ಅವರು ತಿಳಿಯಬೇಕಾದದ್ದು ಇಷ್ಟು: ದೀಕ್ಷೆ ಪಡೆದ ದಿನವೇ ಅವರ ಹಿರಿಯರ ಅಂಗವು ಲಿಂಗಕ್ಕೆ ಸಂದುಹೋಗಿತ್ತು. ಕಡೆಯ ದಿನದ ಹೂವು ಉಳಿದವರ ಕೈಗೆ ಒಂದು ಕಾಯಕ. ಹೋದವರ ಕೈಗೆ ಸೋಪಾನವಲ್ಲ.

ಸಮಾಧಿಯೊಳಗೆ ಇಳಿಸಿದ ಮೇಲಿನ ಕ್ರಮವನ್ನು ಹೇಳಿದರೆ ವಿಷಯವು ಮುಗಿಯುವುದು. ಲಿಂಗೈಕ್ಯರ ಪಾದದಳತೆಯಲ್ಲಿ ಒಂಬತ್ತು ಪಾದವೆಂದು ಕುಣಿಯನ್ನು ಅಳೆಯುವ ಪದ್ಧತಿಯುಂಟು. ಒಂದು ಮಗ್ಗುಲಲ್ಲಿ ಕುಳ್ಳಿರಿಸಲು ಗೂಡು. ವಿಮಾನದ ಹೂವೆಲ್ಲ ಕುಣಿಯ ದಡದಲ್ಲಿಯೇ ಉಳಿಯಬೇಕು. ಒಳಗೆ ವಿಭೂತಿ, ಪತ್ರೆ, ಕೆಲವು ಸೀಮೆಗಳಲ್ಲಿ ಉಪ್ಪು, ಇಷ್ಟೇ. ಇದರಲ್ಲಿ ಒಂದು ಲೌಕಿಕವಾದ ಯುಕ್ತಿಯೂ ಅಡಗಿದೆ: ಮೂಟೆಗಟ್ಟಲೆ ಹೂವನ್ನು ಒಳಗೆ ತುಂಬಿದರೆ ಅದು ಕೊಳೆತು ಟೊಳ್ಳಾಗಿ, ಮೊದಲ ಮಳೆಗಾಲಕ್ಕೆ ಮೇಲಿನ ಮಣ್ಣು ಕುಸಿಯುತ್ತದೆ, ಕಟ್ಟಿದ ಗದ್ದುಗೆ ಬಿರುಕುಬಿಡುತ್ತದೆ. ದಡದ ಹೂವನ್ನು ಮಣ್ಣು ಮುಚ್ಚಿದ ಮೇಲೆ ಮೇಲಕ್ಕೆ ಹರಡಬಹುದು, ಇಲ್ಲವೆ ರುದ್ರಭೂಮಿಯ ಗಿಡಗಳ ಬುಡಕ್ಕೆ ಹಾಕಬಹುದು. ಪ್ರತಿಯೊಂದು ಊರಿನ ರುದ್ರಭೂಮಿಯ ಬೇಲಿಯಲ್ಲಿ ಎರಡು ಬಿಲ್ವ, ಒಂದು ಸಂಪಿಗೆ, ಒಂದು ದೇವಕಣಗಿಲೆ, ಒಂದಷ್ಟು ಬಾಳೆಯಿದ್ದರೆ ಬಡವನ ವಿಮಾನಕ್ಕೆ ಕಾಸಿನ ಖರ್ಚಿಲ್ಲ. ಸಂತೆಯಲ್ಲಿ ಹೂವಿನ ಬೆಲೆ ಹಬ್ಬದ ವಾರ ಏರಿದ್ದಾಗ ಸತ್ತವನ ಮನೆಯವರು ಪಡುವ ಪಾಡು ತಪ್ಪುತ್ತದೆ. ಮಠದ ಶಿಷ್ಯರು ಈ ಮಹೋತ್ಸವದ ವರ್ಷದಲ್ಲಿ ಇದನ್ನೊಂದು ಕೈಗೊಂಡರೆ ಸಾಕಷ್ಟಾಯಿತು.

ಮೇಲೆ ಹೇಳಿದ ಆ ಮನೆಯ ಸಂಗತಿಯಲ್ಲಿ ಒಂದು ಉಳಿದಿದೆ. ವಿಮಾನವು ಹೊರಡುವ ಮುನ್ನ, ಲಿಂಗೈಕ್ಯರ ಮಡದಿಯ ಹೆರಳಿನಲ್ಲಿದ್ದ ಹೂವನ್ನು ತೆಗೆಯಲು ನೆಂಟರ ಮುದುಕಿಯೊಬ್ಬಳು ಕೈಚಾಚಿದಳು. ಸೂತಕವಿಲ್ಲವೆಂದು ಹೇಳುವ ಮನೆಗಳಲ್ಲಿಯೂ ಈ ರೂಢಿ ಉಳಿದಿದೆ: ಗಂಡನ ಮೇಲೆ ಹೂವು ಮಾರುಮಾರು ಏರುವ ಗಳಿಗೆಯಲ್ಲಿಯೇ ಹೆಂಡತಿಯ ಮುಡಿಯ ಹೂವು ಇಳಿಯುತ್ತದೆ. ಶರಣರು ಕಟ್ಟಿದ ಮನೆಗೆ ಇದು ಹೊರಗಿನಿಂದ ಬಂದು ಸೇರಿಕೊಂಡದ್ದು. ಸತ್ತವನಿಗೆ ಸಂದ ಹೂವು ಬದುಕಿರುವವಳಿಗೆ ಸಲ್ಲದೆಂಬುದಕ್ಕೆ ಯಾವ ಆಧಾರವೂ ಇಲ್ಲ. ಅಯ್ಯನವರು ಮುದುಕಿಯ ಕಡೆಗೆ ನೋಡಿ, ‘ಇರಲಿ ಬಿಡವ್ವಾ’ ಎಂದರು. ಮುದುಕಿಯು ಕೈಯನ್ನು ಹಿಂದೆಗೆದಳು. ಹೂಗಾರನು ಬುಟ್ಟಿಯಲ್ಲಿ ಮಿಕ್ಕಿದ್ದ ಮಲ್ಲಿಗೆಯಲ್ಲಿ ಒಂದು ಮೊಳವನ್ನು ಹರಿದು ಆ ತಾಯಿಯ ಉಡಿಗೆ ಹಾಕಿದನು. ಆಕೆ ಅದನ್ನು ಮುಡಿಯಲಿಲ್ಲ. ಸಮಾಧಿಯಿಂದ ಎಲ್ಲರೂ ಹಿಂತಿರುಗಿ ಬಂದ ಸಂಜೆ, ಸ್ನಾನ ಮಾಡಿ, ತನ್ನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಬಿಜಯಂಗೈಸಿಕೊಂಡು, ಆಗತಾನೆ ಬಿರಿಯತೊಡಗಿದ್ದ ಆ ಮಲ್ಲಿಗೆಯನ್ನು ಒಂದೊಂದಾಗಿ ನಾರಿನಿಂದ ಬಿಡಿಸಿ ಲಿಂಗಕ್ಕೆ ಏರಿಸಿದಳು.